ಅಬ್ಬಾರ ಅಂಬಾಸಿಡರ್

ಹಳೆಯ ಕಾರುಗಳ ಬಗ್ಗೆ ಮಾತನಾಡುವವರು ಹೆಚ್ಚಾಗಿ ಗಂಡಸರೇ. ಎಂಜಿನ್ ಎಷ್ಟು ಸಿ.ಸಿ., ಮೈಲೇಜ್ ಎಷ್ಟು, ಯಾವ ವರ್ಷದ ಮಾಡೆಲ್ ಎಂದು ಗಂಟೆಗಟ್ಟಲೆ ಹೇಳುತ್ತಾರೆ. ಹಿಂದಿನ ಸೀಟಿನಲ್ಲಿ ಕುಳಿತವರನ್ನು ಯಾರೂ ಕೇಳುವುದಿಲ್ಲ. ನಾನು ಅಲ್ಲಿ ಕುಳಿತವಳು.

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ನನ್ನ ತವರು. ಅಬ್ಬಾ 1991ರಲ್ಲಿ ಹಾಸನದಿಂದ ಒಂದು ಸೆಕೆಂಡ್ ಹ್ಯಾಂಡ್ ಅಂಬಾಸಿಡರ್ ತಂದರು. 1984ರ ಮಾಡೆಲ್, ಡೀಸೆಲ್ ಗಾಡಿ. ಅದನ್ನು ಬಾಡಿಗೆಗೆ ಓಡಿಸಿಯೇ ನಮ್ಮ ನಾಲ್ವರನ್ನೂ ಓದಿಸಿದರು. ಗೇರಿನ ಹಿಡಿ ನೆಲದಲ್ಲಿರದೆ ಸ್ಟೀರಿಂಗಿನ ಪಕ್ಕದಲ್ಲಿದ್ದುದರಿಂದ ಮುಂದೆಯೂ ಉದ್ದನೆಯ ಒಂದೇ ಸೀಟು. ಮದುವೆಗೆ ಹೊರಟರೆ ಮಕ್ಕಳೂ ಸೇರಿ ಎಂಟು ಹತ್ತು ಜನ! ಮೇಲ್ಛಾವಣಿ ಎತ್ತರ. ಬುರ್ಖಾ ತೊಟ್ಟು ಕಂಕುಳಲ್ಲಿ ಮಗುವನ್ನಿಟ್ಟುಕೊಂಡವಳೂ ಹೆಚ್ಚು ಬಗ್ಗದೆ ಹತ್ತಬಹುದಿತ್ತು. ಈಗಿನ ಕಾರುಗಳಲ್ಲಿ ನನ್ನ ಮೊಣಕಾಲು ದೂರು ಹೇಳುವಾಗಲೆಲ್ಲ ಅದು ನೆನಪಾಗುತ್ತದೆ.

ಈ ಕಾರಿನ ಮೂಲ ಇಂಗ್ಲೆಂಡಿನದು. ಅಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನೇ ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿ ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರ್ ಎಂದು ತಯಾರಿಸತೊಡಗಿತು. ಇಂಗ್ಲೆಂಡಿನವರು ಅದನ್ನು ಬೇಗ ಕೈಬಿಟ್ಟರು, ನಮ್ಮಲ್ಲಿ 2014ರವರೆಗೂ ತಯಾರಾಯಿತು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಬದಲಾಯಿತು, ಮುಂದಿನ ಜಾಲರಿ, ದೀಪ ಬದಲಾದವು. ಮೈಕಟ್ಟು ಮಾತ್ರ ಹೆಚ್ಚುಕಡಿಮೆ ಅದೇ. ಇದನ್ನು ಆಡಿಕೊಂಡು ನಗುವವರಿದ್ದಾರೆ. ಆದರೆ ನಮ್ಮಂತಹ ಹಳ್ಳಿಗೆ ಅದೇ ವರವಾಗಿತ್ತು. ಒಬ್ಬ ಮೇಸ್ತ್ರಿ ಒಂದು ಗಾಡಿ ಕಲಿತರೆ ಎಲ್ಲ ಗಾಡಿಯನ್ನೂ ಕಲಿತಂತೆ. ಮರದಡಿಯಲ್ಲೇ ಎಂಜಿನ್ ಇಳಿಸಿ ಸಂಜೆಗೆ ಮತ್ತೆ ಕೂರಿಸುತ್ತಿದ್ದರು.

ಒಂದು ಮಳೆಗಾಲದ ರಾತ್ರಿ ನೆರೆಮನೆಯ ಗೌಡರ ಸೊಸೆಗೆ ಹೆರಿಗೆ ನೋವು ಬಂತು. ಹಳೆಯ ಡೀಸೆಲ್ ಎಂಜಿನ್ ತಣ್ಣಗಿದ್ದರೆ ಹೀಟರ್ ಒತ್ತಿ ಕಾಯಬೇಕು. ಆ ಅರ್ಧ ನಿಮಿಷ ಅರ್ಧ ಗಂಟೆಯಂತಿತ್ತೆಂದು ಅಮ್ಮಿ ಈಗಲೂ ಹೇಳುತ್ತಾರೆ. ಅರಕಲಗೂಡು ತಲುಪುವ ಮೊದಲೇ ಹಿಂದಿನ ಸೀಟಿನಲ್ಲಿ ಹೆರಿಗೆಯಾಯಿತು. ಆ ಮಗುವನ್ನು ಕೈಯಲ್ಲಿ ಹಿಡಿದವರು ಅಮ್ಮಿ ಮತ್ತು ಹುಡುಗಿಯ ಅತ್ತೆ. ಅಬ್ಬಾ ಗಾಡಿ ನಿಲ್ಲಿಸಿ, ಕೊಡೆಯೂ ಇಲ್ಲದೆ, ಬೆನ್ನು ತಿರುಗಿಸಿ ರಸ್ತೆಯಲ್ಲಿ ನಿಂತಿದ್ದರಂತೆ. ಬಾಡಿಗೆ ತೆಗೆದುಕೊಳ್ಳಲಿಲ್ಲ. ಆ ಮಗು ಇಂದು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದರೆ ನಮ್ಮ ಅಂಗಳಕ್ಕೂ ಬಂದು ಗಾಡಿ ನೋಡಿ ಹೋಗುತ್ತಾನೆ.

ಆಮೇಲೆ ಊರಿಗೆ ಮಾರುತಿ ಓಮ್ನಿ ಬಂತು, ಸುಮೋ ಬಂತು, ಬಾಡಿಗೆ ಕಡಿಮೆಯಾಯಿತು. 2016ರಲ್ಲಿ ಅಬ್ಬಾ ತೀರಿಕೊಂಡರು. ಮರುವರ್ಷ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪೆನಿ 80 ಕೋಟಿಗೆ ಕೊಂಡಿತೆಂದು ಪತ್ರಿಕೆಯಲ್ಲಿ ಓದಿದೆವು. ಹೆಸರಿಗೇ 80 ಕೋಟಿ! ನಮ್ಮ ಗಾಡಿಯನ್ನು ಗುಜರಿಯವನು ತೂಕಕ್ಕೆ ಕೇಳಿದ.

ಅಣ್ಣನ ಮಾತಿನಲ್ಲೂ ನ್ಯಾಯವಿದೆ. ಹಳೆಯ ಗಾಡಿಯ ನೋಂದಣಿ ನವೀಕರಣದ ಶುಲ್ಕ ಏರುತ್ತಲೇ ಇದೆ. ಮೇಲೆ ವಿಮೆ, ರಿಪೇರಿ. ಇಬ್ಬರು ಹೆಣ್ಣುಮಕ್ಕಳ ಕಾಲೇಜು ಫೀಸು ಕಟ್ಟುವವನು ಲೆಕ್ಕ ನೋಡದಿರುವುದು ಹೇಗೆ? 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅದಕ್ಕೆ ಶುಲ್ಕ 20 ಸಾವಿರ, ಬಾಡಿಗೆಗೆ ಓಡಿಸುವಂತಿಲ್ಲ. ನಮ್ಮದಕ್ಕೆ 50 ತುಂಬುವುದು 2034ಕ್ಕೆ.

ಇದನ್ನೆಲ್ಲ ಅಮ್ಮಿಗೆ ವಿವರಿಸಿದೆ. ಅವರಿಗೀಗ 71. ಬೆರಳು ಮಡಚಿ ಏನೋ ಎಣಿಸಿದರು. “ನಿಮ್ಮಬ್ಬಾ ಡೀಸೆಲ್ ಹಾಕಿಸಿದ ಲೆಕ್ಕದ ಪುಸ್ತಕ ಪೆಟ್ಟಿಗೆಯಲ್ಲಿದೆ, ಬಾಡಿಗೆ ಬಾಕಿ ಕೊಟ್ಟಿಲ್ಲದವರ ಹೆಸರೂ ಇದೆ. ನೋಡು, ರಿಪೇರಿಗಾದರೂ ಆದೀತು” ಎಂದರು. ಪುಸ್ತಕ ತೆಗೆದು ನೋಡಿದೆವು. ಬಾಕಿಯವರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ. ಉಳಿದವರ ಹೆಸರುಗಳ ಮುಂದೆ ಅಬ್ಬಾ ತಾವೇ ಗೀಟು ಎಳೆದು ‘ಮಾಫ್’ ಎಂದು ಬರೆದಿದ್ದರು. ಮುಂದಿನ ವಾರ ಅರಕಲಗೂಡಿನ ಮೇಸ್ತ್ರಿಯೊಬ್ಬರು ಗಾಡಿ ನೋಡಲು ಬರುತ್ತಾರೆ, ಖರ್ಚೆಷ್ಟು ಎಂದು ಹೇಳಲಿ, ಆಮೇಲೆ ತೀರ್ಮಾನ ಎಂದಿದ್ದಾನೆ ಅಣ್ಣ.