ಸರಪಳಿಗೆ ಎಣ್ಣೆ

ಸಂಚಿಕೆಗೆ ಏನಾದರೊಂದು ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಮೂವತ್ತು ವರ್ಷ ಗಣಿತ ಕಲಿಸಿದವನು ಮೋಟಾರ್ ಸೈಕಲಿನ ಸರಪಳಿಯನ್ನು ಕುರಿತು ಬರೆಯುವನೆಂದು ಅವರು ಎಣಿಸಿರಲಾರರು. ನನ್ನ ಕೈಗೆ ನಿಜವಾಗಿ ದಕ್ಕಿದ ವಿದ್ಯೆಗಳಲ್ಲಿ ಇದೂ ಒಂದು. ಕಲಿಸಿದ್ದು ಮಾತ್ರ ಭಯ.

1979ರಲ್ಲಿ ನಾನೊಂದು ಯೆಜ್ಡಿ ಕೊಂಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಆ ವಾಹನಗಳನ್ನು ನಮ್ಮ ಪೀಳಿಗೆಯವರು ಮರೆತಿರಲಾರರು. ಸರಪಳಿಯನ್ನು ಪೂರ್ತಿ ಮುಚ್ಚುವ ಕವಚ ಅದಕ್ಕಿತ್ತು. ಧೂಳಿನಿಂದ ಸರಪಳಿಗೂ, ಜಿಡ್ಡಿನಿಂದ ಸವಾರನ ಪಂಚೆಗೂ ರಕ್ಷಣೆ. ಆದರೆ ಕಣ್ಣಿಗೆ ಕಾಣದ್ದನ್ನು ಮರೆಯುವುದು ಸುಲಭ. ಮೂರೂವರೆ ವರ್ಷ ನಾನು ಅದನ್ನು ತೆರೆದೇ ನೋಡಲಿಲ್ಲ.

1983ರ ಬೇಸಗೆ ರಜೆಯಲ್ಲಿ ಕಟಕಟ ಸದ್ದು ಕೇಳಿ, ಸರಪಳಿಯನ್ನು ನಾನೇ ಬಿಚ್ಚಿ ತೊಳೆದು ಜೋಡಿಸಿದೆ. ಮರುವಾರ ಪತ್ನಿಯನ್ನು ಹಿಂದೆ, ಮೂರು ವರ್ಷದ ಮಗನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಟಿದ್ದಾಗ, ಒಂದು ಇಳಿಜಾರಿನಲ್ಲಿ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಬಿಗಿದು ನಿಂತಿತು. ಗಾಡಿ ಅಡ್ಡಲಾಗಿ ಜಾರಿ ಜಾಲಿಯ ಪೊದೆಗೆ ಬಡಿಯಿತು. ಎದುರು ಬಂದ ಬಸ್ಸು ನಮ್ಮಿಂದ ಮಾರು ದೂರದಲ್ಲಿ ನಿಂತಿತು. ಮಗುವಿನ ಮೊಣಕೈ ತರಚಿತ್ತು, ಅಷ್ಟೆ. ನನ್ನ ಕಾಲುಗಳು ಬಹಳ ಹೊತ್ತು ನಡುಗುತ್ತಲೇ ಇದ್ದವು.

ಮುಂದಿನ ಊರಿನ ಮೆಕ್ಯಾನಿಕ್ ಕವಚ ಬಿಚ್ಚಿ ನೋಡಿದ. ಕೊಂಡಿಯ ಕ್ಲಿಪ್ ಹಾರಿಹೋಗಿ, ಸರಪಳಿ ಕಳಚಿ ಉಂಡೆಯಾಗಿ ಸಿಕ್ಕಿಕೊಂಡಿತ್ತು. ಕ್ಲಿಪ್ಪನ್ನು ಹೇಗೆ ಹಾಕಿದ್ದೆನೆಂದು ಕೇಳಿ, ಹೊಸದೊಂದನ್ನು ಅಂಗೈಯಲ್ಲಿಟ್ಟು ತೋರಿಸಿದ: "ಮೇಷ್ಟ್ರೇ, ಮೀನು ಎಲ್ಲಾದರೂ ಬಾಲ ಮುಂದೆ ಮಾಡ್ಕೊಂಡು ಈಜ್ತದಾ?" ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಓಡುವ ದಿಕ್ಕಿಗಿರಬೇಕು. ನಾನು ತಿರುಗಿಸಿ ಹಾಕಿದ್ದೆ.

ಉಳಿದದ್ದನ್ನೂ ಅವನೇ ಕಲಿಸಿದ. ಸರಪಳಿಯ ತುದಿಗೆ ಹಳೆಯ ಸರಪಳಿಯೊಂದನ್ನು ಸಿಕ್ಕಿಸಿ ಎಳೆದರೆ, ಇದು ಹೊರಬರುವಾಗ ಅದು ಒಳಗೆ ಕೂರುತ್ತದೆ. ಮರಳಿ ಪೋಣಿಸಲು ತಿಣುಕಬೇಕಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಆಮೇಲೆ ಗೇರ್ ಆಯಿಲ್. ಎಣ್ಣೆ ಬೇಕಾದದ್ದು ಹೊಳೆಯುವ ಹೊರಮೈಗಲ್ಲ, ಪಿನ್ನುಗಳ ಸಂದಿಗೆ. ಸರಪಳಿ 'ಹಿಗ್ಗಿತು' ಎನ್ನುತ್ತೇವೆ; ವಾಸ್ತವವಾಗಿ ಸವೆಯುವುದು ಆ ಸಂದಿ. ನೂರು ಕೊಂಡಿಗಳಲ್ಲಿ ತಲಾ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸವೆದರೆ ಒಟ್ಟು ಒಂದು ಸೆಂಟಿಮೀಟರ್! ಈ ಲೆಕ್ಕವನ್ನು ಆಮೇಲೆ ನನ್ನ ತರಗತಿಗಳಲ್ಲಿ ಎಷ್ಟೋ ಬಾರಿ ಮಾಡಿಸಿದ್ದೇನೆ.

ಈಗ ಮಗನ ಗಾಡಿಯ ಸರಪಳಿಯಲ್ಲಿ ರಬ್ಬರ್ ಉಂಗುರಗಳಿವೆ. ಪಿನ್ನಿನ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಅವುಗಳಿಂದ ಮುಚ್ಚಿರುತ್ತಾರೆ. ಮೊನ್ನೆ ನಾನು ಉತ್ಸಾಹದಿಂದ ಪೆಟ್ರೋಲ್ ಡಬ್ಬಿ ತಂದಾಗ ಅವನು ತಡೆದ. "ಬೇಡ ಅಪ್ಪಾಜಿ, ಪೆಟ್ರೋಲಿಗೆ ಉಂಗುರ ಹಾಳಾಗುತ್ತವೆ." ತಂತಿಯ ಬ್ರಷ್ಷೂ ಕೂಡದಂತೆ. ಶಿಷ್ಯನಾಗಿ ಪಕ್ಕಕ್ಕೆ ಕುಳಿತೆ. ಇಂಜಿನ್ ಆರಿಸಿ, ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಅವನು ಕೆಳಗಿನ ಸರಪಳಿಯ ಒಳಮಗ್ಗುಲಿಗೆ ಎಣ್ಣೆ ಬಿಟ್ಟ. ಇಂಜಿನ್ ಓಡಿಸುತ್ತ ಈ ಕೆಲಸ ಮಾಡಿ ಬೆರಳು ಕಳೆದುಕೊಂಡವರುಂಟು. ಬಳಿಕ ಕೈಪಿಡಿ ಹೇಳಿದಷ್ಟು ಸಡಿಲವಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡಿದ.

ಆ ಇಳಿಜಾರು ಅವನಿಗೆ ನೆನಪಿಲ್ಲ. ತೋಳು ಮಡಿಸಿ ಕೆಲಸಕ್ಕೆ ಕುಳಿತಾಗ ಬಲ ಮೊಣಕೈಯ ಗುರುತು ಮಾತ್ರ ನನಗೆ ಕಾಣುತ್ತಿತ್ತು.