ಆಸಕ್ತಿ, ಹಿತಾಸಕ್ತಿ

ಅರ್ಥ ನೋಡುವುದಕ್ಕಷ್ಟೇ ನಿಘಂಟು ತೆಗೆಯುವವರಿಗೆ ಅದರ ಅರ್ಧ ಸುಖ ದಕ್ಕುವುದಿಲ್ಲ. ಒಂದೇ ಬೇರಿನ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಕವಲೊಡೆದವು ಎಂದು ಹುಡುಕುತ್ತಾ ಕೂತರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ನನಗೆ ಬಲು ಪ್ರಿಯವಾದ ಜೋಡಿ ಇಂಗ್ಲಿಷಿನ ಡಿಸ್‌ಇಂಟರೆಸ್ಟೆಡ್ ಮತ್ತು ಅನ್‌ಇಂಟರೆಸ್ಟೆಡ್.

ಮೇಲ್ನೋಟಕ್ಕೆ ಎರಡೂ 'ಆಸಕ್ತಿಯಿಲ್ಲದ' ಎಂದೇ ಕೇಳಿಸುತ್ತವೆ. ಆದರೆ ಕ್ರಿಕೆಟ್ಟಿನ ಅಂಪೈರನ್ನು ನೆನೆಯಿರಿ. ಸ್ಟಂಪಿನ ಹಿಂದೆ ನಿಂತವನ ಕಣ್ಣು ಮೊದಲು ಬೌಲರನ ಮುಂಗಾಲಿನ ಮೇಲೆ, ಮರುಕ್ಷಣ ಚೆಂಡು ಪುಟಿದ ಜಾಗದ ಮೇಲೆ. ಕಿವಿಯೋ, ಬ್ಯಾಟಿನ ಅಂಚಿನ ಸಣ್ಣ ಸದ್ದಿಗಾಗಿ ಕಾದಿರುತ್ತದೆ. ಮೈಯೆಲ್ಲ ಆಸಕ್ತಿ. ಆದರೆ ಯಾರು ಗೆದ್ದರೂ ಅವನಿಗೆ ಲಾಭವಿಲ್ಲ, ಯಾರು ಸೋತರೂ ನಷ್ಟವಿಲ್ಲ. ಅವನು ಡಿಸ್‌ಇಂಟರೆಸ್ಟೆಡ್. 2002ರಲ್ಲಿ ಟೆಸ್ಟ್ ಪಂದ್ಯಗಳಿಗೆ ಇಬ್ಬರೂ ಅಂಪೈರುಗಳು ಬೇರೆ ದೇಶದವರೇ ಇರಲಿ ಎಂದದ್ದು ಈ ಗುಣಕ್ಕಾಗಿಯೇ. ಅದೇ ಅಂಪೈರ್ ಅನ್‌ಇಂಟರೆಸ್ಟೆಡ್ ಆದನೋ, ಆಕಳಿಸುತ್ತಾ ನಿಂತಾನು. ಔಟೂ ಕಾಣದು, ನೋಬಾಲೂ ಕಾಣದು.

ನಿಜವಾದ ಸ್ವಾರಸ್ಯ ಇರುವುದು ಇವುಗಳ ಚರಿತ್ರೆಯಲ್ಲಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಪದದ ಒಂದೊಂದು ಅರ್ಥಕ್ಕೂ ಹಳೆಯ ಬರಹಗಳಿಂದ ಇಸವಿ ಸಮೇತ ವಾಕ್ಯಗಳನ್ನು ಕೊಡುತ್ತದೆ. ಸಾವಿರಾರು ಓದುಗರು ಚೀಟಿಗಳಲ್ಲಿ ಬರೆದು ಕಳಿಸಿದ ಉದಾಹರಣೆಗಳೇ ಅದರ ಬಂಡವಾಳ. ಮೊದಲ ಕಂತು ಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಆ ಪುಟಗಳಲ್ಲಿ 17ನೇ ಶತಮಾನಕ್ಕೆ ಹೋದರೆ ಎಲ್ಲವೂ ತಲೆಕೆಳಗು! ಡಿಸ್‌ಇಂಟರೆಸ್ಟೆಡ್ ಎಂಬುದರ ಮೊದಲ ಬಳಕೆ 'ಆಸಕ್ತಿಯಿಲ್ಲದ' ಎಂಬ ಅರ್ಥದಲ್ಲಿ, ಅನ್‌ಇಂಟರೆಸ್ಟೆಡ್ ಎಂಬುದರದು 'ಪಕ್ಷಪಾತವಿಲ್ಲದ' ಎಂಬ ಅರ್ಥದಲ್ಲಿ. ಆಮೇಲೆ ಎರಡೂ ಸದ್ದಿಲ್ಲದೆ ಮನೆ ಬದಲಾಯಿಸಿಕೊಂಡವು. ಇಂಗ್ಲಿಷ್ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ 1864ರ ಪ್ರಬಂಧವೊಂದರಲ್ಲಿ ವಿಮರ್ಶೆಗೆ ಇರಬೇಕಾದ ಗುಣವೆಂದು ಡಿಸ್‌ಇಂಟರೆಸ್ಟೆಡ್‌ನೆಸ್ಸನ್ನು ಎತ್ತಿಹಿಡಿಯುವ ವೇಳೆಗೆ ಅದು ಘನತೆಯ ಪದವಾಗಿತ್ತು.

ಈಗ ಅದನ್ನು ಮತ್ತೆ ಬೇಸರದ ಅರ್ಥದಲ್ಲಿ ಬಳಸುವವರು ಬಹಳ. ಹಳೆಯ ಅರ್ಥಕ್ಕೇ ಮರಳಿತಲ್ಲ, ತಪ್ಪೇನು ಎಂದು ಕೇಳುವವರೂ ಇದ್ದಾರೆ. ಚರಿತ್ರೆ ಅವರ ಪರವಾಗಿದೆ, ಆದರೂ ನನಗೆ ಒಪ್ಪಿಗೆಯಿಲ್ಲ. ಬೇಸರಕ್ಕೆ ಇಂಗ್ಲಿಷಿನಲ್ಲಿ ಪದಗಳ ಬರವಿಲ್ಲ. ಸ್ವಂತ ಲಾಭ ಬದಿಗಿಟ್ಟು ಆಸ್ಥೆಯಿಂದ ನೋಡುವ ಗುಣಕ್ಕೆ ಇಷ್ಟು ಹದವಾದ ಪದ ನನಗಂತೂ ಇನ್ನೊಂದು ಕಂಡಿಲ್ಲ. ಆಸಕ್ತಿ ಬೇರೆ, ಹಿತಾಸಕ್ತಿ ಬೇರೆ ಎಂದು ಬಲ್ಲ ಕನ್ನಡಿಗರಿಗೆ ಈ ಭೇದ ಕಷ್ಟವೇನಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ, ಆ ಮನುಷ್ಯನಿಗೆ ಇಲ್ಲದ್ದು ಯಾವುದು ಎಂದು ಒಮ್ಮೆ ಕೇಳಿಕೊಳ್ಳಿ. ಆಸಕ್ತಿಯಾದರೆ 'ಅನ್', ಹಿತಾಸಕ್ತಿಯಾದರೆ 'ಡಿಸ್'.