ಕೈಯಲ್ಲೊಂದು ಮೆದುಳು

ಬೆಂಗಳೂರಿನ ಹೊಸೂರು ರಸ್ತೆಯ ಹಾರನ್ನುಗಳನ್ನು ಹಿಂದೆ ಬಿಟ್ಟು ನಿಮ್ಹಾನ್ಸ್ ಗೇಟು ದಾಟಿದೆ. ನ್ಯೂರೋಪೆಥಾಲಜಿ ವಿಭಾಗದ ಮೆದುಳು ಮ್ಯೂಸಿಯಂ ನೋಡಬೇಕೆಂಬುದು ಬಹುಕಾಲದ ಆಸೆ. ಡಾ. ಎಸ್.ಕೆ. ಶಂಕರ್ ಅವರ ಮುತುವರ್ಜಿಯಿಂದ 1995ರಲ್ಲಿ ಇಲ್ಲಿ ಮೆದುಳು ಭಂಡಾರವೇ ಶುರುವಾಯಿತು.

ಸಾಲು ಸಾಲು ಜಾಡಿಗಳು, ಫಾರ್ಮಲಿನ್ನಿನಲ್ಲಿ ಮೆದುಳುಗಳು. ಒಂದರೊಳಗೆ ಗೆಡ್ಡೆ, ಇನ್ನೊಂದರಲ್ಲಿ ಪಾರ್ಶ್ವವಾಯು ಬಡಿದ ಕಲೆ. ಮತ್ತೊಂದರ ತುಂಬ ಲಾಡಿಹುಳುವಿನ ಪುಟ್ಟ ಪುಟ್ಟ ಗುಳ್ಳೆ. ಹಂದಿಮಾಂಸ ಮುಟ್ಟದವರಿಗೂ ಸರಿಯಾಗಿ ತೊಳೆಯದ ಸೊಪ್ಪಿನ ಜೊತೆ ಇದರ ಮೊಟ್ಟೆ ಹೊಟ್ಟೆ ಸೇರಿ, ಕೊನೆಗೆ ಫಿಟ್ಸ್ ತರಿಸಬಲ್ಲದಂತೆ. ನಾನು ಅಪ್ಪಟ ಸಸ್ಯಾಹಾರಿ, ಎದೆ ಝಲ್ಲೆಂದಿತು.

ಆಮೇಲೆ ವಿವರಿಸುತ್ತಿದ್ದ ಮೇಡಂ ಕೈಗೆ ಗ್ಲೌಸ್ ಹಾಕಿಸಿ, ನಿಜವಾದ ಮೆದುಳೊಂದನ್ನು ಅಂಗೈಗಿಟ್ಟರು! ಸುಮಾರು 1400 ಗ್ರಾಂ. ಯಾರದೋ ಬಾಲ್ಯ, ಯಾರದೋ ಸಿಟ್ಟು, ಬಾಯಿಪಾಠದ ಮಗ್ಗಿ ಎಲ್ಲ ಇದರೊಳಗಿತ್ತಲ್ಲ! ಮುಟ್ಟಿದರೆ ಗಟ್ಟಿ. ಅದು ಫಾರ್ಮಲಿನ್ನಿನ ಗುಣ, ಜೀವಂತ ಮೆದುಳು ಗಿಣ್ಣಿನಷ್ಟು ಮೆತ್ತಗಂತೆ. ಬುರುಡೆಯೊಳಗಿನ ನೀರಿನಲ್ಲಿ ತೇಲುತ್ತಿರುವುದರಿಂದ ಇಷ್ಟೊಂದು ಭಾರ ಅಲ್ಲಿ ಬರೀ 50 ಗ್ರಾಮಿನಷ್ಟಾಗುತ್ತದೆ. ಇಂಥ ಏರ್ಪಾಡು ಯಾವ ಎಂಜಿನಿಯರಿಗೆ ಹೊಳೆದೀತು?

ಆದರೆ ತೇಲುವುದು ಅಲುಗುತ್ತದೆ ಕೂಡ. ಅಪಘಾತದ ಜಾಡಿಗಳ ಮುಂದೆ ನನ್ನ ಕಾಲು ನಿಂತೇಬಿಟ್ಟಿತು. ಹಿಂದಲೆ ನೆಲಕ್ಕೆ ಬಡಿದರೂ ಮೆದುಳು ಜಜ್ಜಿಹೋಗುವುದು ಹಲವು ಸಲ ಹಣೆಯ ಕಡೆ. ಬುರುಡೆಯ ತಳ ಅಲ್ಲಿ ಒರಟು. ತಾಳ್ಮೆ, ವಿವೇಚನೆಗಳ ಜಾಗವೂ ಅದೇ. ಗಾಯ ಮಾಯ್ದ ಮೇಲೂ ‘ಇವರು ಮೊದಲಿನ ಹಾಗಿಲ್ಲ’ ಎಂದು ಮನೆಯವರು ಕೊರಗುವುದು ಅದಕ್ಕೇ.

ಕಣತಲೆಯ ಪೆಟ್ಟಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಮೂಳೆ ತೆಳು, ಅದರಡಿಯಲ್ಲೇ ಒಂದು ರಕ್ತನಾಳ. ಬಿದ್ದವನು ಕ್ಷಣ ಎಚ್ಚರ ತಪ್ಪಿ ಎದ್ದು ಕೂರುತ್ತಾನೆ, ಕಾಫಿಯನ್ನೂ ಕೇಳಬಹುದು. ಒಳಗೆ ಮಾತ್ರ ರಕ್ತ ಶೇಖರವಾಗುತ್ತಿರುತ್ತದೆ. ಕೆಲವು ತಾಸಿನಲ್ಲಿ ತಲೆನೋವು ಏರುತ್ತದೆ, ಮತ್ತೆ ಮತ್ತೆ ವಾಂತಿ, ಮಂಪರು. ‘ಮಲಗಲಿ ಬಿಡಿ’ ಅನ್ನುವ ನಮ್ಮ ಕಕ್ಕುಲಾತಿಯೇ ಆಗ ಮುಳುವು. ತಕ್ಷಣ ಕರೆತಂದು ಆಪರೇಷನ್ ಆದರೆ ಅದೇ ಮನುಷ್ಯ ನಡೆದುಕೊಂಡು ಮನೆಗೆ ಹೋಗಬಲ್ಲ.

“ಹೆಲ್ಮೆಟ್ ಹಾಕಿದ್ರೆ ಏನಾಗತ್ತೆ ಮೇಡಂ?” ಪಕ್ಕದಲ್ಲಿದ್ದ ಹುಡುಗ ಕೇಳಿದ.

“ಒಳಗಿನ ಥರ್ಮಾಕೋಲ್ ಜಜ್ಜಿಹೋಗುತ್ತೆ, ಮರಿ. ಅಷ್ಟರಲ್ಲಿ ಏಟಿನ ಜೋರು ಇಳಿಯುತ್ತೆ.”

“ಪಟ್ಟಿ ಹಾಕದಿದ್ರೆ?”

“ತಲೆ ನೆಲ ಮುಟ್ಟೋ ಮೊದಲೇ ಹೆಲ್ಮೆಟ್ ಹಾರಿಹೋಗಿರುತ್ತೆ.”

ಹುಡುಗ ತಿರುಗಿ ಅಪ್ಪನನ್ನು ನೋಡಿದ. ಅವರು ಲಾಡಿಹುಳುವಿನ ಜಾಡಿಯನ್ನು ಇದ್ದಕ್ಕಿದ್ದಂತೆ ಬಹಳ ಆಸ್ಥೆಯಿಂದ ಪರೀಕ್ಷಿಸತೊಡಗಿದ್ದರು.